ಅಪ್ಪನ ನಗು ಪುಸ್ತಕವಾಗಲು ಹಿಡಿದ ಹದಿನಾಲ್ಕು ತಿಂಗಳು

ಊರೂರು ತಿರುಗುವ ನಾಟಕ ಕಂಪನಿಗಳಲ್ಲಿ ಹಾಸ್ಯನಟನಾಗಿದ್ದ ಅಪ್ಪನ ನೆನಪುಗಳ ಪುಸ್ತಕದ ಕೊನೆಯ ಕೆಲಸ ಕಳೆದ ವಾರ ಮುಗಿಯಿತು. ಗ್ರಂಥಾಲಯಗಳಿಗೆ ಹೋಗಬೇಕಿದ್ದ ನಾಲ್ಕು ಪ್ರತಿಗಳನ್ನು ಅಂಚೆಗೆ ಹಾಕಿ ಬಂದೆವು. 2024ರ ಸೆಪ್ಟೆಂಬರಿನಲ್ಲಿ ಶುರುವಾದದ್ದು 2025ರ ನವೆಂಬರಿಗೆ ದಡ ಮುಟ್ಟಿತು. ಹದಿನಾಲ್ಕು ತಿಂಗಳು, 41 ಗಂಟೆಯ ಧ್ವನಿಮುದ್ರಣ, 208 ಪುಟ, 500 ಪ್ರತಿ. ನಮ್ಮ ಭಾಗದ ಎಷ್ಟೋ ಮನೆಗಳಲ್ಲಿ ಕಂಪನಿ ನಾಟಕದ ಹಿರಿಯ ಕಲಾವಿದರು ಇನ್ನೂ ಇದ್ದಾರೆ. ಅವರ ಮಕ್ಕಳು ಮೊಮ್ಮಕ್ಕಳು ಯಾರಾದರೂ ಈ ಕೆಲಸಕ್ಕೆ ಇಳಿಯುವುದಾದರೆ, ನಾನು ಎಡವಿದ ಕಲ್ಲಿಗೆ ಅವರೂ ಎಡವದಿರಲಿ ಎಂದು ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಅಪ್ಪ ಹದಿನಾಲ್ಕನೇ ವಯಸ್ಸಿಗೆ, 1962ರಲ್ಲಿ ಕಂಪನಿ ಸೇರಿದ. 2009ರಲ್ಲಿ ಬಣ್ಣ ಬಿಟ್ಟ. ನಡುವಿನ 47 ವರ್ಷ ಹಾಸ್ಯಪಾತ್ರ. ಅವ್ವನೂ ಅದೇ ಕಂಪನಿಯ ಕಲಾವಿದೆ. ನಾನು ಗದಗಿನಲ್ಲಿ ಹೈಸ್ಕೂಲ್ ಶಿಕ್ಷಕಿ. ಮನೆಗೆ ಯಾರೇ ಬರಲಿ, ಚಹಾದ ಕಪ್ಪು ಕೆಳಗಿಡುವಷ್ಟರಲ್ಲಿ ಅಪ್ಪನ ಕಥೆ ಶುರುವಾಗುತ್ತಿತ್ತು. ನಾವು ಹುಟ್ಟಿದಾಗಿನಿಂದ ಕೇಳಿದ್ದೇ. ಹಾಗಾಗಿ ಬರೆದಿಡಬೇಕು ಅನ್ನಿಸಿಯೇ ಇರಲಿಲ್ಲ. ಕಂಪನಿ ನಾಟಕದ ಹಿರಿಯ ನಟ ಏಣಗಿ ಬಾಳಪ್ಪನವರು ನೂರು ದಾಟಿ ಬಾಳಿ 2017ರಲ್ಲಿ ತೀರಿಕೊಂಡ ದಿನ ಅಪ್ಪ ರಾತ್ರಿಯಿಡೀ ಕೂತು ಹಳೆಯ ಕ್ಯಾಂಪುಗಳ, ಅಂದರೆ ಕಂಪನಿ ಊರೂರಲ್ಲಿ ಬಿಡಾರ ಹೂಡಿ ಆಡಿದ ದಿನಗಳ ಸುದ್ದಿ ಹೇಳಿದ್ದ. ಫೋನು ನನ್ನ ಕೈಯಲ್ಲೇ ಇತ್ತು. ಒಂದು ಗುಂಡಿ ಒತ್ತಿದ್ದರೆ ಸಾಕಿತ್ತು. ಒತ್ತಲಿಲ್ಲ. ಆ ರಾತ್ರಿಯ ಮಾತುಗಳಲ್ಲಿ ಅರ್ಧದಷ್ಟು ಮುಂದೆಂದೂ ಅಪ್ಪನ ಬಾಯಿಂದ ಬರಲಿಲ್ಲ.

ನನ್ನನ್ನು ಎಬ್ಬಿಸಿದ್ದು ಆಡಿನ ಕಥೆ. 2024ರ ಆಗಸ್ಟ್ ಕೊನೆಗೆ ನೆಂಟರು ಬಂದಿದ್ದರು. ಅಪ್ಪ ಎಂದಿನಂತೆ ಆಡಿನ ಕಥೆ ಎತ್ತಿಕೊಂಡ. ಎಲ್ಲ ಸರಿಯಾಗಿ ಹೇಳಿ, ಜನ ನಗಬೇಕಾದ ಕೊನೆಯ ಮಾತಿಗೆ ಬಂದು ನಿಂತುಬಿಟ್ಟ. ತುಟಿ ಆಡುತ್ತಿದೆ, ಮಾತಿಲ್ಲ. ನೆಂಟರು ಅದೂ ಅಭಿನಯವೇ ಇರಬೇಕೆಂದು ನಕ್ಕರು. ಅವ್ವ ನನ್ನ ಮುಖ ನೋಡಿದಳು. ಮರುದಿನ ಬೆಳಿಗ್ಗೆ ಅಪ್ಪನಿಗೆ ಆ ಮಾತು ತಾನಾಗಿ ನೆನಪಾಯಿತು, ಹಿತ್ತಲಿನಿಂದಲೇ ಕೂಗಿ ಹೇಳಿದ. ಆದರೆ ನಾನು ಅಷ್ಟರಲ್ಲಿ ಅಂಗಡಿಗೆ ಹೋಗಿ 650 ರೂಪಾಯಿ ಕೊಟ್ಟು ಅಂಗಿಗೆ ಸಿಕ್ಕಿಸುವ ಮೈಕು ತಂದಾಗಿತ್ತು.

ಮೊದಲ ಮೂರು ದಿನದ ಧ್ವನಿಮುದ್ರಣ ಕೇಳಿದರೆ ಈಗಲೂ ಬೇಸರವಾಗುತ್ತದೆ. ಅಪ್ಪ ಸಾಕ್ಷಿ ಹೇಳಲು ಬಂದವನ ಹಾಗೆ ಕೂತು, ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟಿದ್ದಾನೆ. ಏನು ತಪ್ಪಾಗುತ್ತಿದೆ ಎಂದು ಗೊತ್ತಾಗಲಿಲ್ಲ. ನಾಲ್ಕನೇ ದಿನ ಹಾಲು ಹಾಕುವ ಹೆಂಗಸು ಹೊಸ್ತಿಲ ಮೇಲೆ ಕೂತು ಕೇಳತೊಡಗಿದಳು. ಅಪ್ಪನ ಬೆನ್ನು ನೆಟ್ಟಗಾಯಿತು. ಧ್ವನಿ ಎರಡು ಮನೆ ಆಚೆ ಕೇಳುವಷ್ಟು ಏರಿತು. ಅರ್ಧ ಗಂಟೆಯಲ್ಲಿ ಮೂರು ಕ್ಯಾಂಪಿನ ಕಥೆ ಮುಗಿಸಿದ. ಹಾಸ್ಯಗಾರನ ಎದುರು ಫೋನು ಇಟ್ಟರೆ ಸಾಲದು, ನಗುವವರು ಒಬ್ಬರಾದರೂ ಕೂತಿರಬೇಕು. ಆಮೇಲೆ ದಿನವೂ ಓಣಿಯ ಇಬ್ಬರು ಮೂವರನ್ನು ಕರೆದು ಕೂರಿಸಿದೆ. ಅವರ ನಗುವಿನಿಂದಾಗಿ ಕೆಲವು ಮಾತು ಅಸ್ಪಷ್ಟವಾದವು. ಆದರೂ ಅದೇ ಸರಿ. ಹೊತ್ತು ಬೆಳಿಗ್ಗೆ ಹತ್ತರಿಂದ ಹನ್ನೊಂದರೊಳಗೆ, ನಲವತ್ತು ನಿಮಿಷಕ್ಕಿಂತ ಹೆಚ್ಚಲ್ಲ. ಮಧ್ಯಾಹ್ನದ ನಂತರ ಅಪ್ಪನ ನೆನಪು ಒಂದು ಊರಿನಿಂದ ಇನ್ನೊಂದು ಊರಿಗೆ ಜಿಗಿಯುತ್ತಿತ್ತು.

ಅಕ್ಟೋಬರಿನಲ್ಲಿ ದೊಡ್ಡ ಪೆಟ್ಟು ಬಿತ್ತು. ಫೋನು ಕೆಟ್ಟಿತೆಂದು ರಿಪೇರಿಗೆ ಕೊಟ್ಟೆ. ವಾಪಸ್ ಬಂದಾಗ ಒಳಗೆ ಏನೂ ಇರಲಿಲ್ಲ. ಆರು ಗಂಟೆಯ ಮಾತು ಹೋಗಿತ್ತು. ಅಂಗಡಿಯ ಮುಂದೆಯೇ ಅಳು ಬಂತು. ಅಪ್ಪ ಹೇಳಿದ್ದು ಇಷ್ಟೇ: "ಒಂದು ಆಟ ಮಳಿಗೆ ನಿಂತ್ರ ಮರುದಿನ ಆಡೂದಿಲ್ಲೇನು? ಕೂಡು, ಮತ್ತ ಹೇಳ್ತೇನಿ." ಮತ್ತೆ ಹೇಳಿದ. ನೀವು ಹಾಗೆ ಮಾಡಬೇಡಿ. ಪ್ರತಿದಿನ ಮುಗಿದ ಕೂಡಲೇ ಕಡತವನ್ನು ಕಂಪ್ಯೂಟರಿಗೂ ಒಂದು ಪೆನ್‌ಡ್ರೈವಿಗೂ ಹಾಕಿ, ಹೆಸರಿನಲ್ಲೇ ದಿನಾಂಕವನ್ನೂ ಊರನ್ನೂ ಬರೆದಿಡಿ. ಮೂರು ತಿಂಗಳ ನಂತರ ಒಂದೇ ಒಂದು ಮಾತು ಹುಡುಕಲು ಹತ್ತು ಗಂಟೆ ಕೇಳಬೇಕಾದಾಗ ಇದರ ಬೆಲೆ ತಿಳಿಯುತ್ತದೆ.

ಇನ್ನು ಟ್ರಂಕು. ಅವ್ವ ಅದನ್ನು ಅಟ್ಟದ ಮೇಲಿಟ್ಟಿದ್ದಳು. ಒಳಗೆ 312 ಕರಪತ್ರ. ಗುಲಾಬಿ, ಹಳದಿ, ಹಸಿರು ಬಣ್ಣದ ತೆಳು ಕಾಗದ. ಜೀಪಿನಲ್ಲಿ ಧ್ವನಿವರ್ಧಕ ಕಟ್ಟಿ ಊರೂರಿಗೆ ಎರಚುತ್ತಿದ್ದವೇ ಇವು. ಅಂಚನ್ನು ಗೆದ್ದಲು ತಿಂದಿತ್ತು. ಹರಿದಲ್ಲೆಲ್ಲ ಅಪ್ಪ ಹಿಂದೊಮ್ಮೆ ಅಂಟಿಸಿದ್ದ ಟೇಪು ಹಳದಿಗಟ್ಟಿ, ಅಕ್ಷರವನ್ನೇ ಕಿತ್ತುಕೊಂಡು ಬರುತ್ತಿತ್ತು. ದಯವಿಟ್ಟು ಟೇಪು ಹಚ್ಚಬೇಡಿ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಒಂದೊಂದರ ನಡುವೆ ಬಟರ್ ಪೇಪರ್ ಇಟ್ಟು ಅಗಲವಾದ ಕಡತದಲ್ಲಿ ಚಪ್ಪಟೆಯಾಗಿ ಮಲಗಿಸಿದರೆ ಸಾಕು. ಓದಿಕೊಳ್ಳಲು ಫೋನಿನಲ್ಲಿ ತೆಗೆದ ಚಿತ್ರ ನಡೆಯುತ್ತದೆ. ಅಚ್ಚಿಗೆ ಹೋಗುವಂಥವನ್ನು ಮಾತ್ರ ಒಳ್ಳೆಯ ಸ್ಕ್ಯಾನರಿನಲ್ಲಿ ಮಾಡಿಸಿ. ಕರಪತ್ರ, ಫೋಟೋ ಸೇರಿ 43 ಆರಿಸಿದೆವು, ಒಂದಕ್ಕೆ 50 ರೂಪಾಯಿಯಂತೆ 2,150 ಆಯಿತು.

ಕರಪತ್ರಗಳು ಸಿಕ್ಕಿದ ಮೇಲೆ ಇಸವಿಯ ಚಿಂತೆ ತೀರಿತು ಅಂದುಕೊಂಡೆ. ಒಂದರಲ್ಲೂ ಇಸವಿ ಇಲ್ಲ! ತಾರೀಖು ಇದೆ, ವಾರ ಇದೆ, ಸರಿಯಾಗಿ ರಾತ್ರಿ 9-30ಕ್ಕೆ ಎಂದಿದೆ. ಇಸವಿ ಯಾಕೆ ಹಾಕುತ್ತಿರಲಿಲ್ಲ ಎಂದು ಕೇಳಿದ್ದಕ್ಕೆ ಅಪ್ಪ, "ಆಟ ನಾಳಿ ಐತಿ. ನಾಳಿ ಬರೂ ಮಂದಿಗಿ ಇದು ಯಾವ ಇಸವಿ ಅಂತ ಗೊತ್ತಿರೂದಿಲ್ಲೇನು?" ಅಂದ.

ಕೊನೆಗೆ ವಾರವೇ ದಾರಿ ತೋರಿತು. ಒಂದು ಹಳದಿ ಕರಪತ್ರದಲ್ಲಿ ಜನವರಿ 26, ಭಾನುವಾರ ಎಂದಿತ್ತು. ಹಳೆಯ ಪಂಚಾಂಗ ಹಿಡಿದು ಲೆಕ್ಕ ಹಾಕಿದರೆ ಜನವರಿ 26 ಭಾನುವಾರ ಬಂದದ್ದು 1958, 1964, 1969, 1975ರಲ್ಲಿ. 1958ರಲ್ಲಿ ಅಪ್ಪ ಇನ್ನೂ ಶಾಲೆಯ ಹುಡುಗ. ಉಳಿದ ಮೂರರಲ್ಲಿ ಯಾವುದು? ಟಿಕೆಟ್ ದರದ ಸಾಲಿನಲ್ಲಿ ಪೈಸೆಯ ಹಿಂದೆ ಸಣ್ಣದಾಗಿ "ನ." ಎಂದಿತ್ತು. ನಯೇ ಪೈಸೆ. ಆ "ನಯೇ" ಎಂಬುದು 1957ರಲ್ಲಿ ಬಂದು 1964ರ ಜೂನ್ 1ರಿಂದ ಹೋಯಿತು. ಹಾಗಾದರೆ ಇದು 1964ರದೇ. ಅಡುಗೆಮನೆಯಲ್ಲಿದ್ದ ಅವ್ವನಿಗೆ ಕೇಳುವಂತೆ ಕೂಗಿದೆ. ಅಪ್ಪನಿಗೆ ಆಗ ಹದಿನಾರು. ಕೊನೆಯ ಸಾಲಿನಲ್ಲಿ, ಅಡುಗೆಯವನ ಪಾತ್ರದ ಎದುರಿಗೆ ಅವನ ಹೆಸರು ಮೊದಲ ಬಾರಿ ಅಚ್ಚಾಗಿದ್ದು ಅದರಲ್ಲೇ. ಇಂಥ ಗುರುತುಗಳು ಬಹಳ ಇವೆ. ಮೈಸೂರು ರಾಜ್ಯ ಎಂದಿದ್ದರೆ 1973ರ ನವೆಂಬರಿಗೆ ಮೊದಲಿನದು. ಮುದ್ರಣಾಲಯದ ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ ನಂತರದ್ದು. ಗದಗವನ್ನು ಧಾರವಾಡ ಜಿಲ್ಲೆಯಲ್ಲೋ ಬಾಗಲಕೋಟೆಯನ್ನು ವಿಜಾಪುರ ಜಿಲ್ಲೆಯಲ್ಲೋ ತೋರಿಸಿದ್ದರೆ ಸಾಮಾನ್ಯವಾಗಿ 1997ಕ್ಕಿಂತ ಹಿಂದಿನದು.

ಅಪ್ಪನಿಗೆ "ಯಾವ ಇಸವಿ" ಎಂದು ಕೇಳಿದರೆ ಉತ್ತರ ಬರುವುದಿಲ್ಲ. "ಯಾವ ಕ್ಯಾಂಪು, ಮಳೆ ಇತ್ತೋ ಇಲ್ಲವೋ, ಆಗ ನಾಯಕಿ ಯಾರು" ಎಂದರೆ ಬರುತ್ತದೆ. ಹಾಗೆ ಸಿಕ್ಕಿದ್ದೇ ಗ್ರಹಣದ ಕಥೆ. ಹುಬ್ಬಳ್ಳಿಯ ಹತ್ತಿರ ಒಂದು ಊರಲ್ಲಿ ಕ್ಯಾಂಪು. ರಾತ್ರಿ ಆಟವಿದೆಯೆಂದು ಕಲಾವಿದರೆಲ್ಲ ಮಧ್ಯಾಹ್ನ ಊಟ ಮಾಡಿ ಮಲಗಿದ್ದಾರೆ. ಹಗಲಲ್ಲೇ ಕತ್ತಲಾಯಿತು, ಕೋಳಿಗಳು ಗೂಡು ಸೇರಿದವು. ಥೇಟರು ಕಾಯುವ ಮುದುಕ ಎದ್ದು ನೋಡಿ, ಹೊತ್ತು ಮುಳುಗಿತು ಎಂದು ಗಾಬರಿಯಿಂದ ಮೊದಲ ಗಂಟೆ ಬಾರಿಸಿಯೇಬಿಟ್ಟ. ಗಂಟೆಯ ಸದ್ದಿಗೆ ಅಪ್ಪ ನಿದ್ದೆಗಣ್ಣಲ್ಲೇ ಎದ್ದು ಬಣ್ಣ ಬಳಿದುಕೊಳ್ಳಲು ಕೂತ. ಒಂದು ಕೆನ್ನೆ ಮುಗಿಯುವಷ್ಟರಲ್ಲಿ ಬೆಳಗಾಯಿತು! "ನನ್ನ ಜೀವನದಾಗ ಇಷ್ಟು ಲಗೂ ಮುಗದ ಆಟ ಇನ್ನೊಂದಿಲ್ಲ" ಎಂದು ಅಪ್ಪ ಇದನ್ನು ಮುಗಿಸುತ್ತಾನೆ. ಅದು 1980ರ ಫೆಬ್ರವರಿ 16ರ ಪೂರ್ಣ ಸೂರ್ಯಗ್ರಹಣ, ಶನಿವಾರ. ಅದರ ಹಿಂದುಮುಂದಿನ ಹನ್ನೊಂದು ಕರಪತ್ರಗಳು ಒಂದೇ ಮಧ್ಯಾಹ್ನದಲ್ಲಿ ತಮ್ಮ ತಮ್ಮ ಜಾಗಕ್ಕೆ ಬಂದು ಕೂತವು.

ಡಿಸೆಂಬರಿನಿಂದ ಬರೆಯಲು ಕೂತೆ. ಇಲ್ಲಿ ನಾನು ಮಾಡಿದ ತಪ್ಪಿಗೆ ಎರಡು ತಿಂಗಳು ಹೋಯಿತು. ಕನ್ನಡ ಪಾಠ ಮಾಡುವವಳು, ಎಲ್ಲವನ್ನೂ ಗ್ರಂಥಭಾಷೆಗೆ ತಿರುಗಿಸಿದೆ. ಆಡಿನ ಕಥೆಯನ್ನೇ ಹೇಳುತ್ತೇನೆ. ಗುಬ್ಬಿ ವೀರಣ್ಣನವರು ರಂಗದ ಮೇಲೆ ಆನೆ ತಂದವರು. "ನಮ್ಮ ಮಾಲೀಕರ ಕೈಲಿ ಆಡು ತರಾಕ ಆತು" ಎಂದು ಅಪ್ಪ ಈ ಕಥೆ ಶುರು ಮಾಡುತ್ತಾನೆ. ರೈತನ ಮನೆ ನಿಜವಾಗಿ ಕಾಣಲೆಂದು ಅಂಗಳದ ಕಂಬಕ್ಕೆ ಒಂದು ಆಡು ಕಟ್ಟಿದ್ದಾರೆ. ಮುದುಕ ಮೃತ್ಯುಪತ್ರ ಹಿಡಿದು ಉದ್ದಕ್ಕೆ ಮಾತಾಡುತ್ತಿದ್ದಾನೆ, ಖಳನಾಯಕ ಅದನ್ನು ಕಸಿದುಕೊಳ್ಳಬೇಕು, ಮುಂದಿನ ಎರಡು ಅಂಕ ನಿಂತಿರುವುದೇ ಆ ಕಾಗದದ ಮೇಲೆ. ಮುದುಕ ಕೈ ಕೆಳಗಿಟ್ಟ, ಆಡು ಕಾಗದ ತಿಂದುಬಿಟ್ಟಿತು. ಖಳನಾಯಕ ಬಂದ, ಕಸಿಯಲು ಏನೂ ಇಲ್ಲ. ಇಬ್ಬರೂ ಕಲ್ಲಿನ ಹಾಗೆ ನಿಂತರು. ಆಳಿನ ಪಾತ್ರದ ಅಪ್ಪ, ತನ್ನ ಪ್ರವೇಶವಿಲ್ಲದಿದ್ದರೂ ಪಕ್ಕದಿಂದ ಓಡಿಬಂದು ಹೇಳಿದ: "ಗೌಡ್ರ, ಹುಡುಕಬ್ಯಾಡ್ರಿ. ಆಸ್ತಿ ಆಡಿನ ಹೊಟ್ಟ್ಯಾಗ ಐತಿ. ಬೇಕಂದ್ರ ಆಡಿನ ಮ್ಯಾಲ ದಾವಾ ಹಾಕ್ರಿ."

ನಾನು ಬರೆದದ್ದು: "ಆಸ್ತಿಯು ಈಗ ಮೇಕೆಯ ಉದರದಲ್ಲಿದೆ. ಬೇಕಿದ್ದಲ್ಲಿ ಮೇಕೆಯ ವಿರುದ್ಧ ಮೊಕದ್ದಮೆ ಹೂಡಿ."

ಓದಿ ತೋರಿಸಿದೆ. ಅಪ್ಪ ಗಂಭೀರವಾಗಿ ಕೇಳಿ, "ಯವ್ವಾ, ಇದು ಯಾವ ಊರಿನ ಆಡು?" ಅಂದ. ಅವತ್ತೇ 90 ಪುಟ ಪಕ್ಕಕ್ಕಿಟ್ಟೆ. ಅಪ್ಪನ ಮಾತು ಅಪ್ಪನ ಭಾಷೆಯಲ್ಲೇ ಇರಬೇಕು, ನಡುವಿನ ವಿವರಣೆ ಮಾತ್ರ ನನ್ನದು ಎಂದು ತೀರ್ಮಾನಿಸಿ ಮೊದಲಿನಿಂದ ಬರೆದೆ. ಮಾತಿನ ನಡುವೆ ಅಪ್ಪ ನಿಲ್ಲುವ ಜಾಗಗಳನ್ನು ಗಮನವಿಟ್ಟು ಕೇಳಿ, ಅಲ್ಲಿ ಸಾಲು ಮುರಿದೆ. "ಐತಿ" ಆದ ಮೇಲೆ ಅವನು ಆಡಿನ ಹೊಟ್ಟೆಯನ್ನು ಒಮ್ಮೆ ನೋಡುತ್ತಾನೆ. ದಾವೆ ಹಾಕುವ ಮಾತು ಬರುವುದು ಆಮೇಲೆ. ಆ ನೋಟಕ್ಕೆ ಜಾಗ ಬಿಡದಿದ್ದರೆ ಓದುವವರಿಗೆ ನಗು ಬರುವುದಿಲ್ಲ. ಇದನ್ನು ನನಗೆ ಯಾವ ವ್ಯಾಕರಣವೂ ಕಲಿಸಿರಲಿಲ್ಲ. ಫೋನಿನಲ್ಲಿ ಮಾತನ್ನು ಅಕ್ಷರ ಮಾಡುವ ಸೌಲಭ್ಯವನ್ನೂ ನಂಬಿಕೊಳ್ಳಬೇಡಿ. ನಮ್ಮ ಕಡೆಯ ಮಾತು ಅದಕ್ಕೆ ಹಿಡಿಯಲಿಲ್ಲ. ತಿದ್ದುವುದಕ್ಕಿಂತ ಕೇಳಿ ಕೇಳಿ ಬೆರಳಚ್ಚು ಮಾಡುವುದೇ ಬೇಗ ಆಯಿತು. ಒಂದು ಗಂಟೆಯ ಮಾತಿಗೆ ನನಗೆ ಐದಾರು ಗಂಟೆ ಹಿಡಿಯುತ್ತಿತ್ತು.

ಮರುದಿನದ ಆಟಕ್ಕೂ ಜನ ಆಡು ಕಾಗದ ತಿನ್ನುವುದನ್ನೇ ನೋಡಲು ಬಂದರಂತೆ. ಆಡು ಮುಖ ತಿರುಗಿಸಿತು. ಆಮೇಲೆ ಕಾಗದಕ್ಕೆ ದಿನವೂ ಬೆಲ್ಲ ಸವರುತ್ತಿದ್ದರು. ಅಪ್ಪ ಇದನ್ನು ಹೇಳುವಾಗ ಒಳಗಿನಿಂದ ಅವ್ವನ ಧ್ವನಿ ಬಂತು: "ಬೆಲ್ಲ ಸವರಿದಾಕಿ ನಾನು. ಅದನ್ನ ಯಾಕ ಹೇಳೂದಿಲ್ರೀ?" ಮೈಕಿನಲ್ಲಿ ಅದೂ ಸೇರಿತ್ತು. ಅಳಿಸಲು ಮನಸ್ಸಾಗಲಿಲ್ಲ. ಅಂದಿನಿಂದ ಅವ್ವನ ತಿದ್ದುಪಡಿಗಳಿಗೆ ಪುಟದ ಕೆಳಗೆ ಜಾಗ ಕೊಟ್ಟೆ. ಒಟ್ಟು 37 ಆದವು. ಓದಿದವರೆಲ್ಲ ಮೊದಲು ಅವನ್ನೇ ಹುಡುಕುತ್ತಿದ್ದಾರೆ.

ಅಪ್ಪ ಹೇಳದೆ ಬಿಟ್ಟದ್ದನ್ನು ಹೇಳಿದ್ದೂ ಅವ್ವನೇ. 1972ರ ಬರಗಾಲದ ವರ್ಷದ ಮಾತು ಬಂದಾಗಲೆಲ್ಲ ಅಪ್ಪ ಕೈಚಾಚಿ ಫೋನನ್ನು ಬೋರಲು ಹಾಕುತ್ತಿದ್ದ. ಮೂರು ಸಲ ಹಾಗಾಯಿತು, ನಾನು ಒತ್ತಾಯ ಮಾಡಲಿಲ್ಲ. ಒಂದು ಸಂಜೆ ಅವನು ಗುಡಿಗೆ ಹೋದಾಗ ಅವ್ವ ತಾನಾಗಿ ಬಂದು ಕೂತಳು. ಒಂದು ರಾತ್ರಿ ಹನ್ನೊಂದು ಟಿಕೆಟ್ ಹರಿದಿದ್ದವಂತೆ. ಆಟ ಬೇಡ, ದುಡ್ಡು ವಾಪಸ್ ಕೊಡೋಣ ಎಂದರೆ ಮಾಲೀಕರ ಹತ್ತಿರ ಕೊಡಲು ಆ ದುಡ್ಡೂ ಇರಲಿಲ್ಲ, ಸಂಜೆಯ ಅಕ್ಕಿಗೆ ಹೋಗಿತ್ತು. ಪೂರ್ತಿ ಆಟ ಆಡಿದರು. ಹಸಿದ ಹೊಟ್ಟೆಯಲ್ಲಿ ಅಪ್ಪ ಆ ಹನ್ನೊಂದು ಜನರನ್ನು ಅವತ್ತು ನಗಿಸಿದಷ್ಟು ಇನ್ನೆಂದೂ ನಗಿಸಲಿಲ್ಲ ಎಂದು ಅವ್ವ ಹೇಳಿದಳು. ವಾರದೊಳಗೆ ಕಂಪನಿ ಮುಚ್ಚಿತು. ಆ ನಾಲ್ಕು ಪುಟ ಅವ್ವನ ಮಾತಿನಲ್ಲೇ ಇವೆ. ಅಚ್ಚಿಗೆ ಹೋಗುವ ಮೊದಲು ಅಪ್ಪನಿಗೆ ಓದಿಸಿದೆ. ಎರಡು ದಿನ ಏನೂ ಹೇಳಲಿಲ್ಲ. ಮೂರನೇ ದಿನ, "ಹನ್ನೊಂದಲ್ಲ, ಹನ್ನೆರಡು. ಒಬ್ಬ ಕೂಸು ಇತ್ತು" ಎಂದು ತಿದ್ದಿಕೊಟ್ಟ. ಅಂದರೆ ಒಪ್ಪಿದ.

ಒಂದು ಕಥೆಯನ್ನು ಅಪ್ಪನೇ ತೆಗೆಸಿದ. ಜೊತೆಯ ನಟನೊಬ್ಬ ಕುಡಿದು ಬಂದು ರಂಗದ ಮೇಲೆ ಮಾಡಿದ ಅವಾಂತರ, ಹೇಳಿದಾಗಲೆಲ್ಲ ಮನೆ ತುಂಬ ನಗು. ಆ ನಟ ಈಗಿಲ್ಲ, ಮಕ್ಕಳಿದ್ದಾರೆ. ಹೆಸರು ಬಿಟ್ಟರೂ ಆ ಕಾಲದವರಿಗೆ ಗೊತ್ತಾಗುತ್ತದೆ ಎಂದು ಅಪ್ಪ ಹಟ ಹಿಡಿದ. ಬರೆಯುವವರಿಗೆ ನಗು ತರುವ ಪ್ರಸಂಗ ಬಿಡಲು ಕಷ್ಟವೇ. ಈಗ ಅದು ಹೋದದ್ದೇ ಒಳ್ಳೆಯದಾಯಿತು ಅನ್ನಿಸುತ್ತದೆ.

ಅನುಮತಿಯ ವಿಷಯ ನನ್ನ ತಲೆಯಲ್ಲೇ ಇರಲಿಲ್ಲ. ಅಪ್ಪ ಒಂದು ನಾಟಕದ ಇಡೀ ಹಾಸ್ಯದೃಶ್ಯವನ್ನು ಬಾಯಿಪಾಠ ಹೇಳಿದ್ದ, ಅಚ್ಚಿನಲ್ಲಿ ಆರು ಪುಟ. ಅದನ್ನು ಬರೆದವರು ತೀರಿಕೊಂಡು ಮೂವತ್ತು ವರ್ಷವಾಗಿದೆ, ತೊಂದರೆಯೇನು ಅಂದುಕೊಂಡಿದ್ದೆ. ನಮ್ಮಲ್ಲಿ ಕೃತಿಸ್ವಾಮ್ಯ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಇರುತ್ತದೆ. ಒಂದೆರಡು ಸಾಲು ಉದ್ಧರಿಸುವುದು ಬೇರೆ, ಇಡೀ ದೃಶ್ಯ ಬೇರೆ. ಬಾಗಲಕೋಟೆ ಜಿಲ್ಲೆಯ ಹಳ್ಳಿಯಲ್ಲಿ ಅವರ ಮನೆ ಹುಡುಕಲು ಮೂರು ವಾರ ಹಿಡಿಯಿತು. ಅಪ್ಪನನ್ನೂ ಕರೆದುಕೊಂಡು ಹೋದೆ. ಯಾವ ಭಾಗ, ಎಷ್ಟು ಪುಟ, ಎಷ್ಟು ಪ್ರತಿ, ಮೊದಲ ಮುದ್ರಣಕ್ಕೆ ಮಾತ್ರ ಎಂದು ಎಲ್ಲ ಬರೆದ ಪತ್ರ ಜೊತೆಗಿತ್ತು. ಮಗ ಸಹಿ ಹಾಕಲು ಪೆನ್ನು ತೆಗೆದರು. ಒಳಗಿನಿಂದ ಅವರ ತಾಯಿ, "ಮೊದಲ ಆ ಸೀನು ಮಾಡಿ ತೋರಸ್ಲಿ" ಅಂದರು. ಅಪ್ಪ ಎದ್ದು ನಿಂತ. ಹದಿನಾರು ವರ್ಷದ ನಂತರ ಮತ್ತೆ, ಯಾರದೋ ಪಡಸಾಲೆಯಲ್ಲಿ, ಬಣ್ಣವಿಲ್ಲದೆ ಎರಡೂ ಪಾತ್ರವನ್ನು ಒಬ್ಬನೇ ಮಾಡಿದ. ಆ ತಾಯಿ ಸೆರಗು ಬಾಯಿಗೆ ಹಿಡಿದು ನಕ್ಕರು. ನಡುವೆ ಒಂದು ಕಡೆ ತಡೆದು, "ಹಂಗಲ್ಲ, ನಮ್ಮವರು ಹಿಂಗ ಬರದಿದ್ದರು" ಎಂದು ಸಾಲು ಸರಿ ಮಾಡಿದರು. ಐವತ್ತು ವರ್ಷ ಅಪ್ಪ ತಪ್ಪಾಗಿ ಹೇಳುತ್ತ ಬಂದಿದ್ದ ಸಾಲು ಅದು. ದುಡ್ಡು ಬೇಡವೆಂದರು, ಐದು ಪ್ರತಿ ಕೇಳಿದರು. ಹಳೆಯ ಫೋಟೋಗಳಿಗೂ ಅವನ್ನು ತೆಗೆದ ಸ್ಟುಡಿಯೋದವರಿಂದ ಹೀಗೆಯೇ ಚೀಟಿ ಬರೆಸಿಕೊಂಡೆ. ಇವನ್ನೆಲ್ಲ ಬರೆಯಲು ಶುರು ಮಾಡಿದಾಗಲೇ ಮಾಡಿಕೊಳ್ಳಿ. ಕೊನೆಗೆ ಇಟ್ಟುಕೊಂಡರೆ ಎಲ್ಲ ನಿಂತುಹೋಗುತ್ತದೆ.

ಜೂನಿನಲ್ಲಿ ಡಿಟಿಪಿಗೆ, ಅಂದರೆ ಕಂಪ್ಯೂಟರಿನಲ್ಲಿ ಪುಟ ಕಟ್ಟುವವರಿಗೆ ಕೊಟ್ಟೆ. ನಾನು ಯೂನಿಕೋಡಿನಲ್ಲಿ ಬೆರಳಚ್ಚು ಮಾಡಿದ್ದೆ. ಅವರು ಪುಟ ಕಟ್ಟುವುದು ಹಳೆಯ ತಂತ್ರಾಂಶದಲ್ಲಿ, ಅದಕ್ಕೆ ಬೇಕಾದದ್ದು 'ನುಡಿ' ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರ. ಪರಿವರ್ತನೆ ಮಾಡಿದಾಗ ಒತ್ತಕ್ಷರಗಳು ಅಲ್ಲಲ್ಲಿ ಕದಲಿದವು, ನಾನು ಇಂಗ್ಲಿಷಿನಲ್ಲಿ ಬಿಟ್ಟಿದ್ದ ಒಂದೆರಡು ಅಕ್ಷರಗಳು ಅರ್ಥವಿಲ್ಲದ ಕನ್ನಡವಾಗಿದ್ದವು. ಕೊಡುವ ಮೊದಲೇ ಅವರು ಯಾವುದರಲ್ಲಿ ಕೆಲಸ ಮಾಡುತ್ತಾರೆ ಎಂದು ಕೇಳಿ, ಎರಡು ಪುಟ ಮಾದರಿ ಮಾಡಿಸಿ ನೋಡಿ. ಅದಕ್ಕಿಂತ ದೊಡ್ಡ ತಾಪತ್ರಯ ಬಂದದ್ದು ಕರಡು ತಿದ್ದುವವರಿಂದ. ಬಹಳ ಶ್ರದ್ಧೆಯ ಹಿರಿಯರು. ಮೂರು ಅಧ್ಯಾಯದಲ್ಲಿ "ಐತಿ" ಇದ್ದಲ್ಲೆಲ್ಲ "ಇದೆ", "ಮ್ಯಾಲ" ಇದ್ದಲ್ಲೆಲ್ಲ "ಮೇಲೆ" ಮಾಡಿದ್ದರು. 61 ಪುಟವನ್ನು ಮತ್ತೆ ಹಳೆಯ ರೂಪಕ್ಕೆ ತರಲು ಒಂಬತ್ತು ದಿನ ಬೇಕಾಯಿತು. ಮುಟ್ಟಬಾರದ ಮಾತುಗಳ ಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದು ಮೊದಲೇ ಕೊಟ್ಟಿದ್ದರೆ ಅವರ ಶ್ರಮವೂ ಉಳಿಯುತ್ತಿತ್ತು.

ಪುಸ್ತಕದ ಗುರುತಿಗೆಂದು ಕೊಡುವ ಐಎಸ್‌ಬಿಎನ್ ಸಂಖ್ಯೆಗೆ ದುಡ್ಡಿಲ್ಲ, ಆನ್‌ಲೈನಿನಲ್ಲೇ ಅರ್ಜಿ. ಸ್ವಂತವಾಗಿ ಪ್ರಕಟಿಸುವವರೂ ಹಾಕಬಹುದು. ಕೊಡಿಸುತ್ತೇವೆಂದು ಹಣ ಕೇಳುವವರ ಮಾತು ಕೇಳಬೇಡಿ. ನನ್ನ ಅರ್ಜಿ ಒಮ್ಮೆ ವಾಪಸ್ ಬಂತು. ಆಧಾರಿನಲ್ಲಿ ಅಪ್ಪನ ಮನೆಹೆಸರು, ಶೀರ್ಷಿಕೆ ಪುಟದಲ್ಲಿ ಊರ ಹೆಸರು ಸೇರಿದ ರಂಗದ ಹೆಸರು. ಕೃತಿಸ್ವಾಮ್ಯದ ಪುಟದಲ್ಲಿ ಎರಡನ್ನೂ ಸೇರಿಸಿ ಮತ್ತೆ ಕಳಿಸಿದೆ. ಒಟ್ಟು 23 ದಿನ. ಹಿಂಬದಿಯ ರಕ್ಷಾಪುಟಕ್ಕೆ ಬಾರ್‌ಕೋಡ್ ಬೇಕಾಗುವುದರಿಂದ ಮುಖಪುಟ ಮುಗಿಯುವ ಮೊದಲೇ ಇದನ್ನು ಹಾಕಿಬಿಡಿ.

ಖರ್ಚು ಕೇಳುವವರು ಬಹಳ, ಬರೆದುಬಿಡುತ್ತೇನೆ. ಡೆಮಿ ಅಷ್ಟದಳ ಎಂಬ ಪುಸ್ತಕದ ಅಳತೆಯಲ್ಲಿ ಒಟ್ಟಿಗೆ ಅಚ್ಚಾಗುವ ಹದಿನಾರು ಪುಟಕ್ಕೆ ಒಂದು ಫಾರಂ. ನಮ್ಮದು 203 ಪುಟಕ್ಕೆ ನಿಂತಿತ್ತು. ಹದಿಮೂರು ಫಾರಂ ಆಗಲು ಐದು ಪುಟ ಕಡಿಮೆ. ಆ ಐದರಲ್ಲಿ ಕಂಪನಿಯ ಮಾತುಗಳ ಅರ್ಥ ಕೊಟ್ಟೆ. ಡಿಟಿಪಿ ಪುಟಕ್ಕೆ 30ರಂತೆ 6,240, ಮುಖಪುಟ 4,000, ಸ್ಕ್ಯಾನ್ 2,150, ಮುದ್ರಣ 46,500, ಸಾಗಣೆ 900. ಎಲ್ಲ ಸೇರಿ 59,790 ರೂಪಾಯಿ. ಗ್ರಂಥಾಲಯಗಳ ಸಗಟು ಖರೀದಿಗೆ ಆಯಾ ವರ್ಷದ ಪ್ರಥಮ ಮುದ್ರಣಗಳನ್ನು ಕೇಳುತ್ತಾರೆ. ಡಿಸೆಂಬರ್ ಕೊನೆಗೆ ಅಚ್ಚು ಮಾಡಿಸಿದರೆ ಓಡಾಡಲು ಹೊತ್ತೇ ಇರುವುದಿಲ್ಲ, ನೆನಪಿಡಿ.

ನವೆಂಬರ್ 16ರ ಭಾನುವಾರ ನಮ್ಮ ಶಾಲೆಯ ಸಭಾಂಗಣದಲ್ಲಿ ಬಿಡುಗಡೆ. ಅಪ್ಪ ಭಾಷಣ ಮಾಡಲಿಲ್ಲ, ಬನಶಂಕರಿ ಜಾತ್ರೆಯ ಕಥೆ ಹೇಳಿದ. ಬಾದಾಮಿ ಹತ್ತಿರದ ಆ ಜಾತ್ರೆಗೆ ಬನದ ಹುಣ್ಣಿಮೆಯಿಂದ ಎಷ್ಟೋ ಕಂಪನಿಗಳು ಬಂದು ಒಂದರ ಪಕ್ಕ ಒಂದು ಥೇಟರು ಹಾಕುತ್ತವೆ. ನಡುವೆ ಇರುವುದು ತಗಡು, ತಟ್ಟಿ. ಒಂದು ರಾತ್ರಿ ಅಪ್ಪ ಇಲ್ಲಿ ಸಂಬಳ ಕೇಳುವ ಆಳಿನ ದೃಶ್ಯ ಮಾಡುತ್ತಿದ್ದಾಗ ಪಕ್ಕದ ಥೇಟರಿನ ಪೌರಾಣಿಕ ನಾಟಕದ ರಾಜ "ಯಾರಲ್ಲಿ?" ಎಂದು ಗುಡುಗಿದ. ಅಪ್ಪ ತಿರುಗಿ ಕೈಮುಗಿದು, "ನಾವs ಅದೀವ್ರಿ ಮಹಾರಾಜ್ರ, ಆದರ ನಮ್ಮ ಪಗಾರ ಈ ಕಡೆ ಐತ್ರಿ!" ಅಂದ. ಇಲ್ಲಿ ಎದ್ದ ನಗು ಕೇಳಿ ಅಲ್ಲಿಯ ರಾಜ ತನ್ನ ಮಾತು ಮರೆತನಂತೆ. ಸಭಾಂಗಣದಲ್ಲಿ 180 ಜನ ಇದ್ದರು. ಅಪ್ಪ "ಮಹಾರಾಜ್ರ" ಆದ ಮೇಲೆ ನಿಂತ. ನನ್ನ ಎದೆ ಹೊಡೆದುಕೊಂಡಿತು, ಆಗಸ್ಟಿನ ಆ ದಿನ ನೆನಪಾಯಿತು. ಆದರೆ ಅವನು ಮರೆತಿರಲಿಲ್ಲ. ಜನ ಪೂರ್ತಿ ಸುಮ್ಮನಾಗಲಿ ಎಂದು ಕಾದಿದ್ದ.

ಪುಸ್ತಕ ಪ್ರಕಟಿಸಿದವರು ಮೂವತ್ತು ದಿನದೊಳಗೆ ಕೋಲ್ಕತ್ತದ ನ್ಯಾಷನಲ್ ಲೈಬ್ರರಿಗೂ ಚೆನ್ನೈ, ಮುಂಬೈ, ದೆಹಲಿಯ ನಿಗದಿತ ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕಳಿಸಬೇಕೆಂದು 1954ರ ಕಾಯ್ದೆ ಇದೆ. ಒಂದೇ ಪುಸ್ತಕ ಮಾಡಿದ ನಮ್ಮಂಥವರಿಗೂ ಅನ್ವಯಿಸುತ್ತದೆ. ಅಂಚೆ ಕಚೇರಿಗೆ ಅಪ್ಪನೂ ಬಂದ. ಕೋಲ್ಕತ್ತದ ಕಟ್ಟಿನ ಮೇಲೆ ಕೈಯಿಟ್ಟು, "ಅಷ್ಟು ದೂರ ನಾ ಹೋಗಲಿಲ್ಲ, ಆಡು ಹೋತು ನೋಡು" ಅಂದ.

ಮನೆಗೆ ಬಂದ ಮೇಲೆ ರಸೀದಿಗಳನ್ನು ಟ್ರಂಕಿನಲ್ಲಿಡಲು ಹೋದ. ಬಿಡುಗಡೆಯ ಆಮಂತ್ರಣ ಪತ್ರಗಳು ನಲವತ್ತರಷ್ಟು ಉಳಿದಿದ್ದವು. ಒಂದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ನವೆಂಬರ್ 16, ಭಾನುವಾರ, ಬೆಳಿಗ್ಗೆ 10-30ಕ್ಕೆ. ಇಸವಿ ಇಲ್ಲ. ಕರಡು ನೋಡಿದ ನಮ್ಮ ಯಾರ ಕಣ್ಣಿಗೂ ಬಿದ್ದಿರಲಿಲ್ಲ. "ಯವ್ವಾ, ಪೆನ್ನು ಕೊಡು" ಅಂದ. ನೆಲದ ಮೇಲೆ ಕೂತು, ತೊಡೆಯ ಮೇಲೆ ರಟ್ಟಿಟ್ಟುಕೊಂಡು, ನಲವತ್ತರ ಮೇಲೂ ಒಂದೊಂದಾಗಿ 2025 ಎಂದು ಬರೆದ. ಅವ್ವ ಪಕ್ಕದಲ್ಲಿ ಕೂತು ಶಾಯಿ ಒಣಗಿದ್ದನ್ನು ನೋಡಿ ನೋಡಿ ಜೋಡಿಸುತ್ತಿದ್ದಳು.